ಕ್ಲಚ್ ಹೋಯಿತು ಅನ್ನುವ ಮೊದಲು

ಹಳೇ ಮ್ಯಾನುವಲ್ ಕಾರಿನಲ್ಲಿ ಎಂಜಿನ್ ಬಿಸಿಯಾದರೆ ಮುಳ್ಳು ತೋರಿಸುತ್ತದೆ, ಆಯಿಲ್ ಪ್ರೆಶರ್ ಇಳಿದರೆ ಕೆಂಪು ದೀಪ ಹತ್ತುತ್ತದೆ, ಬ್ಯಾಟರಿ ಸತ್ತರೆ ಸೆಲ್ಫ್ ತಿರುಗುವುದೇ ಇಲ್ಲ. ಕ್ಲಚ್‌ಗೆ ಮಾತ್ರ ಮುಳ್ಳೂ ಇಲ್ಲ, ದೀಪವೂ ಇಲ್ಲ. ಅದರ ಕಷ್ಟಸುಖ ತಿಳಿಯಬೇಕಾದದ್ದು ಓಡಿಸುವವರ ಎಡಗಾಲಿಗೆ. ಪೆಡಲ್ ಎಷ್ಟು ಇಳಿದಾಗ ಗೇರ್ ಸಲೀಸಾಗಿ ಬೀಳುತ್ತದೆ, ಎಷ್ಟು ಮೇಲೆ ಬಂದಾಗ ಗಾಡಿ ಎಳೆಯಲು ಶುರು ಮಾಡುತ್ತದೆ ಅನ್ನುವುದು ದಿನಾ ಅದನ್ನೇ ತುಳಿಯುವ ಕಾಲಿಗೆ ಬಾಯಿಪಾಠವಾಗಿರುತ್ತದೆ. ಆ ಅಂದಾಜು ತಪ್ಪಲು ಶುರುವಾದ ದಿನವೇ ತೊಂದರೆ ಶುರುವಾಗಿದೆ ಅಂತ ಲೆಕ್ಕ. ಗಾಡಿ ರಸ್ತೆ ಮಧ್ಯೆ ನಿಲ್ಲುವುದು ಅದರ ಕೊನೆಯ ಹಂತ.

ನನ್ನ ಕಾರು ಎರಡು ದಶಕ ದಾಟಿದ್ದು. ಅದನ್ನು ಓಡಿಸುತ್ತಾ, ಬಿಚ್ಚುವಾಗ ಪಕ್ಕದಲ್ಲಿ ನಿಂತು ನೋಡುತ್ತಾ ನನಗೆ ಗಟ್ಟಿಯಾಗಿ ಮನವರಿಕೆಯಾದ ಸಂಗತಿ ಒಂದಿದೆ. ಯಾರಾದರೂ ‘ಕ್ಲಚ್ ಹೋಗಿದೆ’ ಅಂದ ಕೂಡಲೇ ಗೇರ್‌ಬಾಕ್ಸ್ ಇಳಿಸಲು ಬಿಡಬಾರದು. ಎಷ್ಟೋ ಸಲ ಕೆಟ್ಟಿರುವುದು ಕ್ಲಚ್ ಅಲ್ಲ; ಕಾಲು ಒತ್ತಿದ್ದನ್ನು ಅಲ್ಲಿಯತನಕ ಮುಟ್ಟಿಸುವ ಕೇಬಲ್ಲು, ಸಿಲಿಂಡರ್ರು, ಅಥವಾ ಪೆಡಲ್ ಕೂತಿರುವ ಬ್ರ್ಯಾಕೆಟ್ಟು. ಇವೆಲ್ಲ ಹೊರಗಿನಿಂದಲೇ ಕೈಗೆ ಸಿಗುತ್ತವೆ. ಪ್ಲೇಟಿನ ತನಕ ಹೋಗಬೇಕಾದರೆ ಅರ್ಧ ಕಾರು ಬಿಚ್ಚಬೇಕು.

ಒಳಗೆ ಏನಾಗುತ್ತದೆ ಅನ್ನುವುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಎಂಜಿನ್ನಿನ ತುದಿಯಲ್ಲಿ ತಿರುಗುವ ಭಾರದ ಚಕ್ರ ಫ್ಲೈವೀಲ್. ಅದಕ್ಕೆ ಬೋಲ್ಟ್ ಮಾಡಿರುವುದು ಪ್ರೆಶರ್ ಪ್ಲೇಟ್. ಇವೆರಡರ ನಡುವೆ ಸಿಕ್ಕಿಕೊಂಡಿರುವುದು ಕ್ಲಚ್ ಪ್ಲೇಟ್; ಅದರ ಮಧ್ಯದ ಹಲ್ಲುಗಳ ಮೂಲಕ ಗೇರ್‌ಬಾಕ್ಸಿನ ಶಾಫ್ಟ್ ತಿರುಗುತ್ತದೆ. ಪೆಡಲ್ ಬಿಟ್ಟಾಗ ಪ್ರೆಶರ್ ಪ್ಲೇಟಿನ ಡಯಾಫ್ರಾಮ್ ಸ್ಪ್ರಿಂಗ್ ಇದನ್ನು ಫ್ಲೈವೀಲ್‌ಗೆ ಒತ್ತಿ ಹಿಡಿಯುತ್ತದೆ. ಪೆಡಲ್ ತುಳಿದಾಗ ಫೋರ್ಕ್ ಅನ್ನುವ ಸನ್ನೆಕೋಲು ಬಂದು ರಿಲೀಸ್ ಬೇರಿಂಗನ್ನು ಆ ಸ್ಪ್ರಿಂಗಿನ ಬೆರಳುಗಳ ಮೇಲೆ ತಳ್ಳುತ್ತದೆ, ಹಿಡಿತ ಸಡಿಲವಾಗುತ್ತದೆ. ಅಂದರೆ ಕಾಲು ಮಾಡುವ ಕೆಲಸ ಬಿಡಿಸುವುದು. ಹಿಡಿಯುವ ಕೆಲಸ ಸ್ಪ್ರಿಂಗಿನದು. ಇದೊಂದು ತಲೆಯಲ್ಲಿದ್ದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ಕ್ಲಚ್ ಎರಡೇ ಬಗೆಯಲ್ಲಿ ಕೈಕೊಡುತ್ತದೆ: ಒಂದೋ ಸರಿಯಾಗಿ ಹಿಡಿಯುವುದಿಲ್ಲ, ಇಲ್ಲವೇ ಸರಿಯಾಗಿ ಬಿಡುವುದಿಲ್ಲ.

ಹಿಡಿಯದ ಕ್ಲಚ್ ಮೊದಲು ಗೊತ್ತಾಗುವುದು ಟಾಪ್ ಗೇರಿನಲ್ಲಿ, ಏರು ಹತ್ತುವಾಗ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಸದ್ದು ಮೇಲೇರುತ್ತದೆ, ಗಾಡಿ ಅಷ್ಟಕ್ಕಷ್ಟೇ. ಓವರ್‌ಟೇಕ್ ಮಾಡಲು ಹೋದಾಗ ಆರ್‌ಪಿಎಂ ಮುಳ್ಳು ಜಿಗಿಯುತ್ತದೆ, ಸ್ಪೀಡೋಮೀಟರ್ ಮುಳ್ಳು ಅಲ್ಲೇ ಇರುತ್ತದೆ. ಆಮೇಲೆ ವಾಸನೆ. ಸುಟ್ಟ ಬ್ರೇಕಿನ ವಾಸನೆಗೆ ಹತ್ತಿರದ, ಮೂಗು ಕಟ್ಟುವಂಥ ಆ ವಾಸನೆಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಅನುಮಾನವಿದ್ದರೆ ಸಮತಟ್ಟಾದ ಜಾಗದಲ್ಲಿ, ಮುಂದೆ ಯಾರೂ ಏನೂ ಇಲ್ಲದ ಕಡೆ, ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದು, ಮೂರನೇ ಗೇರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ನಿಧಾನಕ್ಕೆ ಕ್ಲಚ್ ಬಿಡಬೇಕು. ಸರಿಯಿರುವ ಕ್ಲಚ್ ಎಂಜಿನನ್ನು ಥಟ್ಟನೆ ಆಫ್ ಮಾಡುತ್ತದೆ. ಕಾಲು ಪೂರ್ತಿ ತೆಗೆದ ಮೇಲೂ ಎಂಜಿನ್ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಈ ಪರೀಕ್ಷೆ ಒಂದು ಸಲ ಸಾಕು. ಖಾತ್ರಿಯಾಗಲಿ ಅಂತ ಮತ್ತೆ ಮತ್ತೆ ಮಾಡಿದರೆ ಉಳಿದಿದ್ದ ಪ್ಲೇಟೂ ಸುಟ್ಟುಹೋಗುತ್ತದೆ.

ಆದರೆ ಜಾರಿದ ಮಾತ್ರಕ್ಕೆ ಪ್ಲೇಟ್ ಸವೆದಿದೆ ಅಂತ ತೀರ್ಮಾನಿಸಬೇಡಿ. ಈ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಹಳೇ ಕಾರುಗಳಲ್ಲಿ ಬಹಳಷ್ಟಕ್ಕೆ ಇರುವುದು ಕೇಬಲ್ ಕ್ಲಚ್. ಅದರಲ್ಲಿ ಪೆಡಲ್ ಒತ್ತಲು ಶುರು ಮಾಡಿದಾಗ ಮೊದಲ ಸ್ವಲ್ಪ ದೂರ ಏನೂ ತೂಕ ಇರಬಾರದು, ಬೆರಳಿಂದ ಒತ್ತಿದರೂ ಇಳಿಯಬೇಕು. ಅದಕ್ಕೇ ಫ್ರೀ ಪ್ಲೇ ಅನ್ನುವುದು. ಕಾರಿನ ಪುಸ್ತಕದಲ್ಲಿ ಅಳತೆ ಕೊಟ್ಟಿರುತ್ತಾರೆ, ಸಾಮಾನ್ಯವಾಗಿ 10ರಿಂದ 25 ಮಿ.ಮೀ. ಆಸುಪಾಸು. ಪ್ಲೇಟ್ ಸವೆದಂತೆಲ್ಲ ಸ್ಪ್ರಿಂಗಿನ ಬೆರಳುಗಳು ಬೇರಿಂಗಿನ ಕಡೆಗೆ ಬರುತ್ತವೆ, ಫ್ರೀ ಪ್ಲೇ ಕಮ್ಮಿಯಾಗುತ್ತದೆ, ಗಾಡಿ ಎಳೆಯುವ ಜಾಗ ಪೆಡಲಿನಲ್ಲಿ ಮೇಲೆ ಮೇಲೆ ಹೋಗುತ್ತದೆ. ಕೊನೆಗೆ ಫ್ರೀ ಪ್ಲೇ ಸೊನ್ನೆಯಾದರೆ ನೀವು ಕಾಲಿಡದಿದ್ದರೂ ಬೇರಿಂಗ್ ಸ್ಪ್ರಿಂಗನ್ನು ಒತ್ತುತ್ತಲೇ ಇರುತ್ತದೆ. ಯಾರೋ ಸದಾ ಪೆಡಲ್ ಮೇಲೆ ಕಾಲಿಟ್ಟಿರುವ ಸ್ಥಿತಿ. ಆಗ ಇನ್ನೂ ಬಾಳುವ ಪ್ಲೇಟೂ ಜಾರುತ್ತದೆ. ಅದಕ್ಕೆ ಬೇಕಾದ ರಿಪೇರಿ ಕೇಬಲ್ ತುದಿಯ ನಟ್ಟನ್ನು ಒಂದೆರಡು ಸುತ್ತು ಸಡಿಲಿಸುವುದು, ಅಷ್ಟೇ. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಂತೂ ಈ ಕೆಲಸಕ್ಕೆ ಗೇರ್‌ಬಾಕ್ಸಿನ ಪಕ್ಕ ಕೈಯಲ್ಲೇ ತಿರುಗಿಸುವ ರೆಕ್ಕೆಯ ನಟ್ ಕೊಟ್ಟಿದ್ದರು.

ಕೇಬಲ್ ಹಿಗ್ಗಿದರೆ ಇದೇ ಕಥೆ ತಿರುಗಾ ಮುರುಗಾ. ಫ್ರೀ ಪ್ಲೇ ಹೆಚ್ಚುತ್ತದೆ, ಪೆಡಲ್ ಪೂರ್ತಿ ತುಳಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಹಾಕುವಾಗ ಕರಕರ ಅನ್ನುತ್ತದೆ. ರಿವರ್ಸ್ ಹಾಕುವಾಗ ಹೆಚ್ಚು. ಅನೇಕ ಹಳೇ ಗೇರ್‌ಬಾಕ್ಸ್‌ಗಳಲ್ಲಿ ರಿವರ್ಸ್‌ಗೆ ಸಿಂಕ್ರೊಮೆಶ್ (ಗೇರ್ ಬೀಳುವ ಮೊದಲು ವೇಗ ಹೊಂದಿಸುವ ಏರ್ಪಾಡು) ಇರುವುದಿಲ್ಲ, ಹಾಗಾಗಿ ಕ್ಲಚ್ ಬಿಡದಿರುವ ಸುದ್ದಿಯನ್ನು ಮೊದಲು ಕೂಗಿ ಹೇಳುವುದು ಅದೇ. ಕೇಬಲ್ ಬದಲು ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್ ಸವೆತವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಆದ್ದರಿಂದ ಅಲ್ಲಿ ಪೆಡಲಿನ ಎತ್ತರ ನೋಡಿ ಪ್ಲೇಟಿನ ಆಯಸ್ಸು ಅಂದಾಜು ಮಾಡುವುದು ಅಷ್ಟು ಸುಲಭವಲ್ಲ.

ನನಗೆ ತುಂಬ ಇಷ್ಟವಾದ ಪರೀಕ್ಷೆ ಒಂದಿದೆ. ಇಬ್ಬರು ಬೇಕು. ಒಬ್ಬರು ಎಂಜಿನ್ ಆಫ್ ಇರುವಾಗ ಸೀಟಿನಲ್ಲಿ ಕೂತು ನಿಧಾನವಾಗಿ ಪೆಡಲ್ ಪೂರ್ತಿ ತುಳಿಯಬೇಕು, ಇನ್ನೊಬ್ಬರು ಬಾನೆಟ್ ಎತ್ತಿ ಗೇರ್‌ಬಾಕ್ಸ್ ಮೇಲಿನ ಫೋರ್ಕಿನ ತುದಿಯನ್ನೇ ನೋಡುತ್ತಿರಬೇಕು. ಟಾರ್ಚ್ ಹಿಡಿದರೆ ಎಲ್ಲ ಕಾಣುತ್ತದೆ: ಕೇಬಲ್ಲಿನ ಎಳೆ ಬಿಗಿಯಾಗುವುದು, ಫೋರ್ಕ್ ಹೊರಳುವುದು, ರಬ್ಬರ್ ಬೂಟ್ ಸುಕ್ಕಾಗುವುದು. ಫೋರ್ಕ್ ತನ್ನ ಪೂರ್ತಿ ದೂರ ಹೋಗುತ್ತಿದ್ದೂ ಗೇರ್ ಬೀಳುತ್ತಿಲ್ಲ ಅಂದರೆ ರೋಗ ಒಳಗಿದೆ, ಗೇರ್‌ಬಾಕ್ಸ್ ಇಳಿಸದೆ ಗತಿಯಿಲ್ಲ. ಪೆಡಲ್ ತಳ ಮುಟ್ಟಿದರೂ ಫೋರ್ಕ್ ಅರ್ಧಕ್ಕೇ ನಿಂತರೆ ರೋಗ ಹೊರಗಿದೆ. ಕೇಬಲ್ಲಿನ ಹೊರಕವಚ ಕುಸಿದಿರಬಹುದು, ಪೆಡಲ್ ಬ್ರ್ಯಾಕೆಟ್ಟಿನ ವೆಲ್ಡಿಂಗ್ ಬಿಟ್ಟಿರಬಹುದು. ತುಂಬ ಹಳೆಯ ಗಾಡಿಗಳಲ್ಲಿ ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡೇ ಬಿರುಕು ಬಿಟ್ಟು, ಪೆಡಲ್ ತುಳಿದಾಗ ಕೇಬಲ್ಲಿನ ಬದಲು ಆ ತಗಡು ಬಾಗುವುದೂ ಉಂಟು. ಗೇರ್‌ಬಾಕ್ಸ್ ಇಳಿಸಿ ಹೊಸ ಕ್ಲಚ್ ಹಾಕಿ ಮೇಲೇರಿಸಿದ ಮೇಲೆ ತೊಂದರೆ ಹಾಗೇ ಉಳಿದಿದ್ದರೆ ಎಷ್ಟು ಬೇಸರವಾಗಬಹುದು ಯೋಚಿಸಿ. ಎರಡು ನಿಮಿಷದ ಈ ನೋಟದಿಂದ ಅದು ತಪ್ಪುತ್ತದೆ.

ಸದ್ದುಗಳ ವಿಷಯಕ್ಕೂ ಇಂಥದೇ ಸರಳ ದಾರಿಯಿದೆ. ಪೆಡಲ್ ತುಳಿದಾಗ ಶುರುವಾಗುವ ಕೀರಲು ಸದ್ದು ಸಾಮಾನ್ಯವಾಗಿ ರಿಲೀಸ್ ಬೇರಿಂಗಿನದು. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಿದ್ದಾಗ ಇದ್ದು, ತುಳಿದ ಕೂಡಲೇ ನಿಲ್ಲುವ ಗೊರಗೊರ ಸದ್ದು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗಿನದು. ಗಾಡಿ ಹೊರಡುವಾಗ ಇಡೀ ಕಾರು ಗದಗದ ನಡುಗಿದರೆ ಪ್ಲೇಟಿಗೆ ಆಯಿಲ್ ತಾಗಿರಬಹುದು. ಎಂಜಿನ್ ಮೌಂಟಿಂಗ್ ಹರಿದಿದ್ದರೂ ಹೀಗೇ ಆಗುತ್ತದೆ, ಅದನ್ನು ಮೊದಲು ನೋಡಿ.

ಇನ್ನು ರಸ್ತೆಯಲ್ಲಿ ಕೈಕೊಟ್ಟಾಗ.

ನನ್ನ ಕಾರಿನ ಕೇಬಲ್ ಕಟ್ಟಾದದ್ದು ಒಂದು ತಿರುವಿನ ಹತ್ತಿರ, ಎರಡನೇ ಗೇರಿಗೆ ಇಳಿಸುವಾಗ. ಕೆಲವು ದಿನಗಳಿಂದ ಪೆಡಲಿನಲ್ಲಿ ಮರಳು ಸಿಕ್ಕಿಕೊಂಡಂಥ ಸಣ್ಣ ಒರಟುತನ ಇತ್ತು. ಹೊಸ ಕೇಬಲ್ ತರಿಸಲು ಹೇಳಿಯೂ ಆಗಿತ್ತು. ಅದು ಬರುವ ಮೊದಲೇ ಇದು ಹೋಯಿತು. ಟಕ್ ಅಂತ ಒಂದು ಸದ್ದು, ಪೆಡಲ್ ತೂಕವೇ ಇಲ್ಲದೆ ತಳಕ್ಕೆ ಬಿದ್ದು ಅಲ್ಲೇ ಉಳಿಯಿತು. ಗೇರ್ ಲಿವರ್ ಅಷ್ಟರಲ್ಲಿ ನ್ಯೂಟ್ರಲ್‌ಗೆ ಬಂದಿತ್ತು, ಉರುಳುವ ವೇಗದಲ್ಲೇ ಬದಿಗೆ ತಂದು ನಿಲ್ಲಿಸಿ ಹಜಾರ್ಡ್ ಲೈಟ್ ಹಾಕಿದೆ. ಆಮೇಲೆ ಹೊರತೆಗೆದ ಕೇಬಲ್ ನೋಡಿದಾಗ ಪೆಡಲಿಗೆ ಸಿಕ್ಕಿಸುವ ಕೊಕ್ಕೆಯ ಹತ್ತಿರ, ಪ್ರತಿ ತುಳಿತಕ್ಕೂ ಬಾಗುವ ಜಾಗದಲ್ಲಿ, ಎಳೆಗಳೆಲ್ಲ ಬಿಚ್ಚಿಕೊಂಡಿದ್ದವು. ಕೆಲವು ಎಳೆಗಳ ತುದಿ ತುಕ್ಕು ಹಿಡಿದು ಕಂದಾಗಿತ್ತು, ಉಳಿದವು ಹೊಳೆಯುತ್ತಿದ್ದವು. ಕಂದಾಗಿದ್ದವು ಎಂದೋ ಮುರಿದವು. ಹೊಳೆಯುವವು ಅವತ್ತು ಮುರಿದವು. ಪೆಡಲಿನ ಒರಟುತನ ಅಂದರೆ ಆ ಮುರಿದ ಎಳೆಗಳು ಕವಚದೊಳಗೆ ಉಜ್ಜುತ್ತಿದ್ದದ್ದು.

ಕ್ಲಚ್ ಇಲ್ಲದೆ ಕಾರು ಓಡಿಸಲು ಬರುತ್ತದೆ. ಎಂಜಿನ್ ಆಫ್ ಮಾಡಿ, ಮೊದಲನೇ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಇಳಿಸಿ, ಮುಂದೆ ದಾರಿ ಖಾಲಿಯಿದೆ ಅಂತ ನೋಡಿಕೊಂಡು ಕೀ ತಿರುಗಿಸಿದರೆ ಸೆಲ್ಫ್ ಮೋಟರೇ ಗಾಡಿಯನ್ನು ಕುಲುಕುತ್ತಾ ತಳ್ಳುತ್ತದೆ, ಎರಡು ಮೂರು ಅಡಿಯಲ್ಲಿ ಎಂಜಿನ್ ಹತ್ತಿಕೊಳ್ಳುತ್ತದೆ. ಕ್ಲಚ್ ತುಳಿಯದೆ ಸ್ಟಾರ್ಟ್ ಆಗದ ಕಾರಾದರೆ ಸತ್ತ ಪೆಡಲನ್ನೇ ಒತ್ತಿ ಹಿಡಿಯಬೇಕು. ಆ ಸ್ವಿಚ್ ಇರುವುದು ಪೆಡಲ್ ಹತ್ತಿರ, ಅದಕ್ಕೆ ಕೇಬಲ್ ಕಟ್ಟಾಗಿರುವುದು ಗೊತ್ತಾಗುವುದಿಲ್ಲ. ಎರಡನೇ ಗೇರಿಗೆ ಹೋಗಲು ಆಕ್ಸಿಲರೇಟರ್‌ನಿಂದ ಕಾಲು ತೆಗೆಯುತ್ತಾ ಲಿವರನ್ನು ಮೆಲ್ಲಗೆ ನ್ಯೂಟ್ರಲ್ ಕಡೆ ಎಳೆದು ಹಿಡಿಯಬೇಕು. ಎಂಜಿನ್ ಗಾಡಿಯನ್ನು ತಳ್ಳುವುದೂ ನಿಂತು, ಗಾಡಿ ಎಂಜಿನನ್ನು ಎಳೆಯುವುದೂ ಶುರುವಾಗದ ಒಂದು ಕ್ಷಣವಿದೆ. ಆ ಕ್ಷಣದಲ್ಲಿ ಲಿವರ್ ಬೆಣ್ಣೆಯಂತೆ ಜಾರಿ ಹೊರಬರುತ್ತದೆ. ಆಮೇಲೆ ಆರ್‌ಪಿಎಂ ಇಳಿಯುವುದನ್ನು ಕಾಯುತ್ತಾ ಎರಡು ಬೆರಳಿನ ಒತ್ತಡದಲ್ಲಿ ಲಿವರನ್ನು ಎರಡನೇ ಗೇರಿನ ಬಾಗಿಲಿಗೆ ತಾಗಿಸಿ ಹಿಡಿದರೆ, ವೇಗ ಹೊಂದಿದ ಕೂಡಲೇ ತಾನೇ ಒಳಗೆ ಹೋಗುತ್ತದೆ. ಗೇರ್ ಇಳಿಸುವಾಗ ಇದಕ್ಕೆ ವಿರುದ್ಧ, ನ್ಯೂಟ್ರಲ್‌ನಲ್ಲಿ ಚೂರು ಆಕ್ಸಿಲರೇಟರ್ ಕೊಟ್ಟು ಆರ್‌ಪಿಎಂ ಏರಿಸಬೇಕು. ಕೈಬಲ ಹಾಕಿ ನೂಕಿದರೆ ಸಿಂಕ್ರೊಮೆಶ್ ಉಂಗುರ ಸವೆಯುತ್ತದೆ. 1928ರಲ್ಲಿ ಕ್ಯಾಡಿಲಾಕ್ ಸಿಂಕ್ರೊಮೆಶ್ ತರುವ ಮೊದಲು ಹೀಗೆ ಕಿವಿಯಿಂದ ವೇಗ ಹೊಂದಿಸಿ ಗೇರ್ ಹಾಕುವುದು ಡ್ರೈವರ್‌ಗಳ ನಿತ್ಯದ ಕೆಲಸವಾಗಿತ್ತು. ನಿಲ್ಲಬೇಕಾದಾಗ ಬ್ರೇಕ್ ಹಾಕುತ್ತಾ ವೇಗ ತೀರಾ ಇಳಿಯುವ ಮೊದಲೇ ನ್ಯೂಟ್ರಲ್‌ಗೆ ತಂದುಬಿಡಬೇಕು.

ಬರುತ್ತದೆ ಅಂದೆ, ಮಾಡಿ ಅನ್ನಲಿಲ್ಲ. ನನ್ನ ಲೆಕ್ಕದಲ್ಲಿ ಇದು ಅಪಾಯದ ಜಾಗದಿಂದ ಗಾಡಿ ಸರಿಸಲು, ಅಥವಾ ಖಾಲಿ, ಸಮತಟ್ಟಾದ ರಸ್ತೆಯಲ್ಲಿ ಹತ್ತಿರದ ಸುರಕ್ಷಿತ ಜಾಗ ಮುಟ್ಟಲು. ಸಿಗ್ನಲ್ ಸಿಗ್ನಲ್‌ಗೂ ನಿಲ್ಲುವ ಟ್ರಾಫಿಕ್ಕಿನಲ್ಲಿ ಇದನ್ನು ಮಾಡುವುದು ಸೆಲ್ಫ್ ಮೋಟರಿಗೂ ಮುಂದೆ ನಿಂತಿರುವವರಿಗೂ ಅನ್ಯಾಯ. ಅಲ್ಲಿ ಟೋಯಿಂಗ್ ಗಾಡಿ ಕರೆಸುವುದೇ ಸರಿ. ಹಗ್ಗ ಕಟ್ಟಿ ಎಳೆಸುವುದಾದರೆ ಕೀಯನ್ನು ಆನ್‌ನಲ್ಲೇ ಇಡಿ, ಇಲ್ಲದಿದ್ದರೆ ಸ್ಟೇರಿಂಗ್ ಲಾಕ್ ಆದೀತು. ಎಂಜಿನ್ ಓಡದಿದ್ದಾಗ ಬ್ರೇಕಿನ ಬೂಸ್ಟರ್ ಕೆಲಸ ಮಾಡುವುದಿಲ್ಲ, ಪೆಡಲ್ ಕಲ್ಲಿನಷ್ಟು ಗಟ್ಟಿಯಾಗುತ್ತದೆ ಅನ್ನುವುದೂ ನೆನಪಿರಲಿ.

ಕೇಬಲ್ ಸರಿಯಿದ್ದು ಪ್ಲೇಟ್ ಜಾರುತ್ತಿದ್ದರೆ ಲೆಕ್ಕ ಬೇರೆ. ಎಂಜಿನ್ ಕೊಡುವ ಟಾರ್ಕ್, ಅಂದರೆ ತಿರುಗಿಸುವ ಬಲ, ಪ್ಲೇಟಿನ ಹಿಡಿತವನ್ನು ಮೀರಿದಾಗ ಜಾರುತ್ತದೆ. ಆದ್ದರಿಂದ ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ಎಳೆಸುವುದಕ್ಕಿಂತ ಕೆಳಗಿನ ಗೇರಿನಲ್ಲಿ ಹಗುರ ಕಾಲಿನಲ್ಲಿ ಹೋಗಬೇಕು. ವಾಸನೆ ಬಂತೆಂದರೆ ನಿಲ್ಲಿಸಿ ಆರಲು ಬಿಡಿ. ಆರಿದ ಮೇಲೆ ಸ್ವಲ್ಪ ಹಿಡಿತ ಮರಳಿ ಬರುತ್ತದೆ, ಆದರೆ ಅದನ್ನು ನಂಬಿ ದೊಡ್ಡ ಏರಿಗೆ ಹೋಗಬಾರದು.

ಹೈಡ್ರಾಲಿಕ್ ಆದರೆ ಪೆಡಲ್ ಒಮ್ಮೆಲೇ ಬೀಳುವುದು ಅಪರೂಪ. ಮೊದಲು ಮೆತ್ತಗಾಗುತ್ತದೆ. ಪಟಪಟ ನಾಲ್ಕೈದು ಸಲ ತುಳಿದರೆ ಒತ್ತಡ ಕೂಡುತ್ತದೆ, ಆ ಕ್ಷಣಕ್ಕೆ ಗೇರ್ ಬೀಳುತ್ತದೆ. ಹಾಗಾದಾಗ ಎರಡು ಕಡೆ ನೋಡಿ: ಪೆಡಲ್ ಮೇಲ್ಗಡೆ ಮಾಸ್ಟರ್ ಸಿಲಿಂಡರ್ ಸೋರಿ ಕಾರ್ಪೆಟ್ ಒದ್ದೆಯಾಗಿದೆಯೇ, ಗೇರ್‌ಬಾಕ್ಸ್ ಹತ್ತಿರ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟ್ ಒಳಗೆ ದ್ರವ ನಿಂತಿದೆಯೇ. ಎಷ್ಟೋ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಅಂಥ ಕಾರಿನಲ್ಲಿ ಕ್ಲಚ್ ಸೋರುತ್ತಿದೆ ಅಂದರೆ ಬ್ರೇಕನ್ನೂ ನೋಡಿಕೊಳ್ಳದೆ ಮುಂದಕ್ಕೆ ಹೋಗಬೇಡಿ. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ದ್ರವವನ್ನೇ ಹಾಕಬೇಕು; ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲುಗಳೆಲ್ಲ ಊದಿಕೊಂಡು ಹಾಳಾಗುತ್ತವೆ. ಕ್ಲಚ್ಚಿಗೂ ಹಾಕುವ ಬ್ರೇಕ್ ದ್ರವ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು; ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕ್ಲಚ್‌ನಲ್ಲಿ ಕುದಿಯುವ ಭಯ ಕಮ್ಮಿ, ಆದರೆ ಅದೇ ನೀರು ಸಿಲಿಂಡರಿನ ಒಳಗೋಡೆಗೆ ತುಕ್ಕು ಹಿಡಿಸಿ, ಆ ತುಕ್ಕು ಸೀಲನ್ನು ಕೊರೆಯುತ್ತದೆ. ದ್ರವ ಕಪ್ಪಗಾಗಿದ್ದರೆ ರಬ್ಬರ್ ಕರಗುತ್ತಿದೆ ಅಂತ ತಿಳಿಯಿರಿ.

ಎಲ್ಲ ನೋಡಿ, ಪ್ಲೇಟೇ ಹೋಗಿದೆ ಅಂತ ಖಾತ್ರಿಯಾದ ಮೇಲೆ ಗೇರ್‌ಬಾಕ್ಸ್ ಇಳಿಸಲೇಬೇಕು. ಆಗ ಉಳಿತಾಯದ ಯೋಚನೆ ಬೇಡ. ಕ್ಲಚ್ ಕೆಲಸದಲ್ಲಿ ದೊಡ್ಡ ಪಾಲು ಬಿಚ್ಚಿ ಕಟ್ಟುವ ಶ್ರಮದ್ದು. ಪ್ಲೇಟ್ ಮಾತ್ರ ಹಾಕಿ ಹಳೇ ರಿಲೀಸ್ ಬೇರಿಂಗ್ ಉಳಿಸಿದರೆ, ಆ ಸಣ್ಣ ಬೇರಿಂಗ್ ಕೂಗಿದ ದಿನ ಅದೇ ಶ್ರಮ ಮತ್ತೆ ಮೊದಲಿಂದ. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರೂ ಒಟ್ಟಿಗೆ ಬದಲಾಗಬೇಕು. ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಸ್ವಲ್ಪ ಒದ್ದೆ ಕಂಡರೂ ಅದನ್ನೂ ಹಾಕಿಸಿ. ಅಲ್ಲಿಂದ ಬಂದ ಒಂದೆರಡು ಹನಿ ಆಯಿಲ್ ಹೊಸ ಪ್ಲೇಟನ್ನು ಕೆಡಿಸಲು ಸಾಕು.

ತೆಗೆದ ಹಳೇ ಪ್ಲೇಟನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಬಿಡಬೇಡಿ. ಪ್ಲೇಟಿಗೆ ರಿವೆಟ್ ಹೊಡೆದು ಕೂರಿಸಿದ ಹಿಡಿತದ ಪದರವೇ ಲೈನಿಂಗ್. ಅದರ ಮೇಲ್ಮೈಯಿಂದ ರಿವೆಟ್ ತಲೆ ಎಷ್ಟು ಒಳಗಿದೆ ಅನ್ನುವುದೇ ಅದರ ಆಯಸ್ಸಿನ ಅಳತೆ. ಅನೇಕ ಕಾರುಗಳಲ್ಲಿ ಆ ಆಳ 0.3 ಮಿ.ಮೀ.ಗೆ ಇಳಿದರೆ ಪ್ಲೇಟ್ ಮುಗಿಯಿತು. ಅದನ್ನೂ ಮೀರಿ ಓಡಿಸಿದ್ದರೆ ರಿವೆಟ್ಟುಗಳು ಫ್ಲೈವೀಲ್ ಮೇಲೆ ಗ್ರಾಮಫೋನ್ ತಟ್ಟೆಯಂಥ ಗೆರೆ ಕೊರೆದಿರುತ್ತವೆ. ಫ್ಲೈವೀಲ್‌ನಲ್ಲಿ ನೀಲಿ ಮಚ್ಚೆಗಳಿದ್ದರೆ ಅಲ್ಲಿ ಕಬ್ಬಿಣ ಅತಿಯಾಗಿ ಕಾದಿತ್ತು. ತೆಳು ಗೆರೆ, ಮಚ್ಚೆಗಳಾದರೆ ಲೇತ್‌ನಲ್ಲಿ ಫೇಸಿಂಗ್ ಮಾಡಿಸಬಹುದು. ಬಿರುಕು ಆಳವಾಗಿದ್ದರೆ ಹೊಸದೇ ಬೇಕು.

ಕ್ಲಚ್ಚನ್ನು ಮುಚ್ಚಿರುವ ಕವಚ, ಅಂದರೆ ಬೆಲ್ ಹೌಸಿಂಗ್ ಒಳಗೆ ಕಪ್ಪು ಪುಡಿ ತುಂಬಿರುತ್ತದೆ. ಅದನ್ನು ಕಂಪ್ರೆಸರ್ ಗಾಳಿಯಿಂದ ಊದಲು ಯಾರನ್ನೂ ಬಿಡಬೇಡಿ. ಹಳೇ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಬ್ರಿಟನ್ ಅದನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ, ಆಸ್ಟ್ರೇಲಿಯ 2003ರ ಕೊನೆಯ ದಿನದಿಂದ. ಹಳೇ ಕಾರಿನ ಒಳಗೆ ಕೂತಿರುವ ಪ್ಲೇಟ್ ಯಾವ ಕಾಲದ್ದು ಅಂತ ಪುಡಿ ನೋಡಿ ಹೇಳಲಾಗದು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದು, ಬಟ್ಟೆಯನ್ನು ಚೀಲದಲ್ಲಿ ಕಟ್ಟಿಹಾಕಬೇಕು. ಗ್ಯಾರೇಜಿನಲ್ಲಿ ದಿನವಿಡೀ ಅದೇ ಗಾಳಿ ಉಸಿರಾಡುವ ಹುಡುಗರ ಶ್ವಾಸಕೋಶದ ಪ್ರಶ್ನೆ ಇದು. ಗಿರಾಕಿಯೇ ಬಾಯಿಬಿಟ್ಟು ಹೇಳಿದರೆ ಕೇಳುತ್ತಾರೆ.

ಮಾಡೆಲ್ ನಿಂತುಹೋದ ಕಾರಾದರೆ ಸಾಮಾನು ಹುಡುಕುವುದೇ ಒಂದು ಕೆಲಸ. ಹೆಸರು ಹೇಳಿ ತಂದದ್ದನ್ನು ನೇರ ಹಾಕಬಾರದು. ಒಂದೇ ಮಾಡೆಲ್ಲಿಗೆ ಬೇರೆ ಬೇರೆ ವರ್ಷಗಳಲ್ಲಿ 180, 190, 200 ಮಿ.ಮೀ. ಹೀಗೆ ಬೇರೆ ಬೇರೆ ಅಳತೆಯ ಪ್ಲೇಟ್ ಇದ್ದಿರಬಹುದು. ಹಳೆಯದರ ಮೇಲೆ ಹೊಸದನ್ನಿಟ್ಟು ವ್ಯಾಸ ನೋಡಿ, ನಡುವಿನ ಹಲ್ಲು ಎಣಿಸಿ, ಗೇರ್‌ಬಾಕ್ಸ್ ಶಾಫ್ಟಿಗೆ ಒಮ್ಮೆ ತೂರಿಸಿ ಸಲೀಸಾಗಿ ಜಾರುತ್ತದೆಯೇ ಪರೀಕ್ಷಿಸಿ. ಎಲ್ಲೂ ಸಿಗದಿದ್ದರೆ ಹಳೇ ಪ್ಲೇಟಿಗೇ ಹೊಸ ಲೈನಿಂಗ್ ಕೂರಿಸುವವರಿದ್ದಾರೆ. ನಡುವಿನ ಸ್ಪ್ರಿಂಗುಗಳು ಅಲುಗಾಡದೆ ಗಟ್ಟಿಯಾಗಿದ್ದರೆ ಅದು ಒಳ್ಳೆಯ ದಾರಿಯೇ.

ಹಾಫ್ ಕ್ಲಚ್‌ನಲ್ಲಿ ಏರಿನಲ್ಲಿ ಗಾಡಿ ನಿಲ್ಲಿಸಬೇಡಿ ಅನ್ನುವ ಮಾತನ್ನು ಎಲ್ಲರೂ ಕೇಳಿರುತ್ತೀರಿ. ಅದು ಎಷ್ಟು ದುಬಾರಿ ಅಂತ ನಾನು ಲೆಕ್ಕ ಹಾಕಿ ನೋಡಿದೆ. ಒಂದು ಟನ್ ತೂಕದ ಸಣ್ಣ ಕಾರು, ನೂರು ಅಡಿಗೆ ಹತ್ತು ಅಡಿ ಏರುವ ರಸ್ತೆ, ಎಂಜಿನ್ 1,500 ಆರ್‌ಪಿಎಂ. ಹಿಂದಕ್ಕೆ ಜಾರದಂತೆ ಕ್ಲಚ್‌ನಲ್ಲೇ ಹಿಡಿದು ನಿಲ್ಲಿಸಿದರೆ ಪ್ಲೇಟಿನಲ್ಲಿ ಹುಟ್ಟುವ ಶಾಖ ಸುಮಾರು 3 ಕಿಲೋವಾಟ್. ಹತ್ತು ಸೆಕೆಂಡ್ ಹಾಗೆ ನಿಂತರೆ ಸಮತಟ್ಟಾದ ಜಾಗದಲ್ಲಿ ಏಳೆಂಟು ಸಲ ನಯವಾಗಿ ಹೊರಟಷ್ಟು ಶಾಖ ಆ ಪ್ಲೇಟಿಗೆ. ಹ್ಯಾಂಡ್ ಬ್ರೇಕ್ ಹಾಕಿದರೆ ಸೊನ್ನೆ.

ಹೊಸ ಕ್ಲಚ್ ಕೂರಿಸುವಾಗ ಪಕ್ಕದಲ್ಲಿರಲು ಆಗುವುದಾದರೆ ಇರಿ. ಪ್ರೆಶರ್ ಪ್ಲೇಟಿನ ಮೇಲೆ ತುಕ್ಕು ಹಿಡಿಯದಂತೆ ಬಳಿದಿರುವ ಎಣ್ಣೆಯನ್ನು ಒರೆಸಬೇಕು, ಪ್ಲೇಟಿನ ಯಾವ ಮುಖ ಫ್ಲೈವೀಲ್ ಕಡೆ ಅಂತ ನೋಡಬೇಕು, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಗೇರ್‌ಬಾಕ್ಸ್ ಏರಿಸುವಾಗ ಅದರ ಭಾರವೆಲ್ಲ ಶಾಫ್ಟಿನ ಮೂಲಕ ಹೊಸ ಪ್ಲೇಟಿನ ಮೇಲೆ ಬಿದ್ದರೆ ಪ್ಲೇಟ್ ಬಾಗುತ್ತದೆ. ಅದನ್ನು ಕೆಳಗಿನಿಂದ ಜ್ಯಾಕ್ ಕೊಟ್ಟು ಹಿಡಿದಿರಬೇಕು. ನುರಿತ ಮೆಕ್ಯಾನಿಕ್‌ಗೆ ಇದನ್ನೆಲ್ಲ ಹೇಳಿಕೊಡಬೇಕಿಲ್ಲ. ಅವರ ಕೈ ಇದನ್ನು ಮಾಡುವುದನ್ನು ನೋಡುವುದೇ ಒಂದು ಕಲಿಕೆ.

ಆಮೇಲಿನ ಕೆಲವು ನೂರು ಕಿಲೋಮೀಟರ್ ಹೊಸ ಲೈನಿಂಗ್ ಫ್ಲೈವೀಲ್ ಜೊತೆ ಹೊಂದಿಕೊಳ್ಳುವ ಕಾಲ. ಭಾರ ಎಳೆಸಬೇಡಿ, ಜೋರಾಗಿ ಎಗರಿಸಬೇಡಿ. ಮೊದಮೊದಲು ಸ್ವಲ್ಪ ವಾಸನೆ ಬಂದರೆ ಗಾಬರಿ ಬೇಡ. ಪೆಡಲ್ ಹಳೆಯದಕ್ಕಿಂತ ಹಗುರವಾಗಿ, ಇನ್ನಷ್ಟು ಕೆಳಗೇ ಎಳೆಯಲು ಶುರು ಮಾಡುತ್ತದೆ. ಕಾಲು ಅದನ್ನು ಹೊಸದಾಗಿ ಕಲಿಯಬೇಕು. ಆ ಅವಧಿ ಮುಗಿದ ಮೇಲೆ ಕೇಬಲ್ ಕಾರಿನಲ್ಲಿ ಫ್ರೀ ಪ್ಲೇ ಇನ್ನೊಮ್ಮೆ ಅಳೆಯಿರಿ. ಕಮ್ಮಿಯಾಗಿದ್ದರೆ ನಟ್ಟನ್ನು ಸರಿಮಾಡಿ ಲಾಕ್‌ನಟ್ ಬಿಗಿಯಿರಿ.